ಸುನಂದಕ್ಕನ ಮಧ್ಯಾಹ್ನಗಳು

ಸುನಂದಕ್ಕ ಕಣ್ಣು ಮುಚ್ಚಿಕೊಂಡು ಕೋಡ್ ಕೇಳುತ್ತಿದ್ದರು. ನಾವು ಬರೆದದ್ದನ್ನು ಜೋರಾಗಿ ಓದುತ್ತಿದ್ದರೆ, ದೂರದಲ್ಲಿ ಯಾರೋ ಹಾಡುವುದನ್ನು ಆಲಿಸುವವರಂತೆ ಕುರ್ಚಿಗೆ ತಲೆಯಾನಿಸಿ ಕೂತಿರುತ್ತಿದ್ದರು. ನಿದ್ದೆ ಹತ್ತಿತೇನೋ ಎಂದುಕೊಳ್ಳುವಷ್ಟರಲ್ಲಿ, "ಅಲ್ಲೇ ತಡಿ. ಅದು ಯಾಕ ಹಂಗ?" ಅನ್ನುವರು.

ಚಿಕ್ಕೋಡಿಯ ಬಟ್ಟೆ ಅಂಗಡಿಯೊಂದರ ಮೇಲಿದ್ದ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಅವರೇ ಹಿರಿಯರು. ನಾವು ವಾರಗಟ್ಟಲೆ ಬರೆಯುತ್ತಿದ್ದುದನ್ನು ಎಐ ಚಹಾ ಆರುವುದರೊಳಗೆ ಬರೆದುಕೊಡತೊಡಗಿದಾಗ, ಮಾಲೀಕರಾದ ಭರತೇಶರು ಅವರನ್ನು ಒಳಗೆ ಕರೆದರು. "ಇನ್ನ ಇಷ್ಟ ಮಂದಿ ಬೇಕೇನ್ರಿ? ಯಾರನ್ನ ಬಿಡೂಣು, ನೀವ ಹೇಳ್ರಿ."

ಬಾಗಿಲಾಚೆ ಕೂತ ನಮಗೆಲ್ಲ ಅದು ಕೇಳಿಸಿತು. ಸುನಂದಕ್ಕನ ಉತ್ತರವೂ ಕೇಳಿಸಿತು.

"ಮೊದಲ ನನ್ನ ಬಿಡಬೇಕಾಗ್ತೈತ್ರಿ ಸಾವಕಾರ್ರ. ನಾ ಮಾಡೂದನ್ನ ಅದು ಚಲೋ ಮಾಡತೈತಿ. ಆದ್ರ ಒಂದು ದ್ರಾಕ್ಷಿ ಸುಗ್ಗಿ ತಡೀರಿ. ಇವರಿಗೆ ಬ್ಯಾರೆ ಕೆಲಸ ಕಲಿಸೂಣು. ನೀವೂ ಬಂದು ಕುಂದರ್ರಿ."

ಭರತೇಶರು ಒಪ್ಪಿದರು. ಅಂದಿನಿಂದ ಬೆಳಿಗ್ಗೆ ಎಐ ಬರೆದ ಕೋಡನ್ನು ಜೋರಾಗಿ ಓದಿ, ಅದಕ್ಕೆ ಪ್ರಶ್ನೆ ಹಾಕುವುದು. ಮಧ್ಯಾಹ್ನ ಅಥಣಿ ಕಡೆಯ ತೋಟಗಳಿಗೆ ಹೋಗುವುದು. ಒಣಹಾಕಿದ ದ್ರಾಕ್ಷಿಯ ತೇವ ಅಳೆದು ರೈತರ ಫೋನಿಗೆ ತಿಳಿಸುವ ಆ್ಯಪ್ ಆಗ ನಮ್ಮ ಕೈಯಲ್ಲಿತ್ತು. ಹಣ್ಣು ಒಣಗಿಸುವ ಶೆಡ್ಡಿನ ಬಲೆಗಳಿಂದ ಸೋಸಿ ಬರುವ ಹಸಿರು ಬೆಳಕು, ತೂಕಡಿಕೆ ತರಿಸುವ ಸಿಹಿ ಗಾಳಿ. ಕೆಲಸ ಹೋಗುವ ಭಯವೂ ಅಲ್ಲಿ ಬೇರೆ ಯಾರದೋ ಭಯದಂತೆ ಅನ್ನಿಸುತ್ತಿತ್ತು. ಸುನಂದಕ್ಕ ಹಣ್ಣು ತಿರುವುವ ಹೆಂಗಸರ ನಡುವೆ ಕೂತು ಕನ್ನಡ, ಮರಾಠಿ ಬೆರೆಸಿ ಹರಟುತ್ತಿದ್ದರು.

ಒಂದು ಬೆಳಿಗ್ಗೆ, ಭರತೇಶರೂ ಕೂತಿದ್ದಾಗ, ನಮ್ಮ ಜೊತೆಗಾರ ಸಲೀಮ ಓದುತ್ತ ತಡೆದ. "ಅಕ್ಕಾ, ನಿನ್ನೆ ಶೆಡ್ಡಿನಾಗ ಕರೆಂಟ್ ಹೋಗಿತ್ತಲ್ರಿ. ಆವಾಗ ಅಳಿಯೂ ಸಾಧನ ಬಂದ್ ಆಗಿ, ತೇವ ಎಷ್ಟಂತ ಗೊತ್ತಾಗೂದಿಲ್ಲ. ಈ ಕೋಡ್ ಅದನ್ನ ಸೊನ್ನೆ ಅಂತ ತಿಳ್ಕೊಂಡು, ಹಣ್ಣು ಒಣಗೇತಿ, ಪೆಟ್ಟಿಗಿಗೆ ತುಂಬ್ರಿ ಅಂತ ಹೇಳತೈತಿ."

ಅದು ಕಣ್ಣಿಗೆ ಬೀಳದಿದ್ದರೆ ಹಸಿ ಹಣ್ಣು ಪೆಟ್ಟಿಗೆ ಸೇರಿ ಬೂಸು ಹಿಡಿಯುತ್ತಿತ್ತು. ಭರತೇಶರು ಆ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದರು. ಆಮೇಲೆ, "ಯಾರನ್ನೂ ಬಿಡೂದು ಬ್ಯಾಡ್ರಿ. ನಾಳೆ ತೋಟಕ್ಕ ನಾನೂ ಬರ್ತೀನಿ" ಎಂದರು.

ಸುಗ್ಗಿ ಮುಗಿದ ಮೇಲೆ ಸುನಂದಕ್ಕನೇ ಹೊರಟರು. ಎಐ ಬರೆದದ್ದಕ್ಕೆ ಪ್ರಶ್ನೆ ಹಾಕುವ ಇದೇ ಕೆಲಸ ಕಲಿಸಲು ಸಾಂಗಲಿಯ ಕಚೇರಿಯೊಂದು ಅವರನ್ನು ಕರೆದಿತ್ತು. ಕಾಗವಾಡದಲ್ಲಿ ಬಸ್ ಹತ್ತಿಸಲು ನಾನು ಹೋಗಿದ್ದೆ. ಸಂಜೆಯ ಧೂಳಿನಲ್ಲಿ ರಸ್ತೆ ತೇಲುತ್ತಿರುವಂತಿತ್ತು. ಕಿಟಕಿಯ ಹತ್ತಿರ ನಿಂತು ಕೇಳಿದೆ: "ನಿಮಗ ಹೆದರಿಕಿ ಆಗಲಿಲ್ಲೇನ್ರಿ ಅಕ್ಕಾ?"

"ಆಗಿತ್ತು. ಈಗೂ ಐತಿ," ಎಂದರು. "ಒಬ್ಬಾಕಿನ ಕುಂತು ಹೆದರೂದು ಬ್ಯಾಸರಾತು. ಅದಕ್ಕ ನಿಮ್ಮನ್ನೂ ಕರಕೊಂಡು ತಿರಗಿದೆ."

ಕಂಡಕ್ಟರ್ ಸೀಟಿ ಊದಿದ. ನಗುತ್ತಿದ್ದ ಆ ಮುಖ ಮಿರಜ್ ರಸ್ತೆಯ ಇಳಿಬಿಸಿಲಿನಲ್ಲಿ ಕರಗಿಹೋಯಿತು.