ಖಾಲಾ ಹೇಳಿದ ಊರಿನ ಹೆಸರು

ಉರ್ದು ಶಾಲೆಯ ಮಕ್ಕಳಿಗೆ ಕನ್ನಡ ಮಾತು ಕಲಿಸುವ ಸಿ.ಡಿ. ಮಾಡುವ ಕೆಲಸ ಬಂದಾಗ ನಾನು ರೋಣದಲ್ಲಿ ಹೊಸದಾಗಿ ಶಿಕ್ಷಕಿಯಾಗಿದ್ದೆ. ಪುಸ್ತಕದ ಕನ್ನಡ ಬೇಡ, ಮನೆಯ ಮಾತೇ ಇರಲಿ ಎಂದು, ಕೌದಿ ಹೊಲಿಯುತ್ತ ಕೂತಿದ್ದ ಪಕ್ಕದ ಮನೆಯ ಖಾಲಾ ಮುಂದೆ ಮೈಕು ಇಟ್ಟೆ. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ; ಓಣಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಬಂಧುಬಳಗದ ಪಾಠ ಅದು.

“ನಿಮ್ಮ ಮಗಳು ಎಲ್ಲಿರ್ತಾಳ್ರಿ?”

“ಹೊಳೆಆಲೂರಾಗ ಇರ್ತಾಳವಾ. ಸ್ಟೇಷನ್ ಹತ್ರ, ಗೆಳತಿ ಮನ್ಯಾಗ.”

ಗಂಡನ ಹೊಡೆತ ತಾಳದೆ ಆ ಮಗಳು ಗಜೇಂದ್ರಗಡದಿಂದ ಓಡಿಬಂದು ಅಲ್ಲಿ ಅಡಗಿದ್ದಳು. ಅದು ನನಗೆ ಗೊತ್ತಿತ್ತು. ಆದರೂ ಆ ಮಾತನ್ನು ಹತ್ತಾರು ಸಲ ಕೇಳಿ, ಉಚ್ಚಾರ ಸ್ಪಷ್ಟವಿದೆಯೇ ಎಂದಷ್ಟೇ ನೋಡಿ ಪಾಠಕ್ಕೆ ಹಾಕಿದೆ.

ಸಿ.ಡಿ.ಗಳು ಶಾಲೆಗಳಿಗೆ ಹೋದವು. ಪಾಠ ಹೇಗೆ ನಡೆದಿದೆ ನೋಡೋಣವೆಂದು ಗಜೇಂದ್ರಗಡದ ಒಂದು ಶಾಲೆಗೆ ಹೋದೆ. ಇದ್ದದ್ದು ಒಂದೇ ಕಂಪ್ಯೂಟರ್. ಎಲ್ಲರಿಗೂ ಕೇಳಲೆಂದು ದೊಡ್ಡ ಸ್ಪೀಕರ್ ಹಚ್ಚಿದ್ದರು. ಖಾಲಾ ದನಿ ಬಂದದ್ದೇ ತಡ, ಹುಡುಗಿಯೊಬ್ಬಳು ಎದ್ದು ನಿಂತಳು.

“ಟೀಚರ್, ಇದು ನಮ್ಮ ಚಾಚಿ ಅವ್ವನ ದನಿರೀ! ಚಾಚಿ ಮನಿ ಬಿಟ್ಟು ಹೋಗ್ಯಾಳ. ನಮ್ಮ ಚಾಚಾ ಹುಡುಕಾಕತ್ತಾನ.”

ಚಾಚಿ ಎಂದರೆ ಅವಳ ಚಿಕ್ಕಪ್ಪನ ಹೆಂಡತಿ, ಖಾಲಾ ಮಗಳು. ‘ನಿಮ್ಮ ಮಗಳು ಎಲ್ಲಿರ್ತಾಳ್ರಿ’ ಎಂಬ ಮುಂದಿನ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು. ಸ್ಪೀಕರಿನ ವೈರನ್ನೇ ಕಿತ್ತೆ. ಅಷ್ಟರಲ್ಲಿ ಊರಿನ ಹೆಸರು ಕೋಣೆಯ ತುಂಬ ಕೇಳಿಸಿಬಿಟ್ಟಿತ್ತು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಮನೆಯಲ್ಲಿ ಹೇಳಬೇಡ ಎನ್ನಲೂ ಅಂಜಿಕೆ. ಹಾಗೆಂದರೆ ಹೇಳಿಯೇ ಹೇಳುತ್ತಾಳೆ.

ರೋಣದ ಬಸ್ಸಿನಲ್ಲಿ ಪ್ರತಿ ಸ್ಟಾಪಿಗೂ ಹತ್ತುವ ಗಂಡಸರ ಮುಖ ನೋಡುತ್ತ ಬಂದೆ. ಆ ಗಂಡನನ್ನು ನಾನು ಎಂದೂ ಕಂಡಿರಲಿಲ್ಲ.

ನಡೆದದ್ದನ್ನು ಹೇಳಿದಾಗ ಖಾಲಾ ಸೂಜಿ ಹಿಡಿದುಕೊಂಡೇ ಕೇಳಿದರು. “ನೀ ಕೇಳಿದಿ, ನಾ ಹೇಳಿದೆ. ನಿನಗಷ್ಟ ಹೇಳಾಕತ್ತೀನಿ ಅಂತ ತಿಳ್ಕೊಂಡಿದ್ದೆ,” ಎಂದರು. “ಈಗ ಅಳಬ್ಯಾಡ. ಲಗೂ ಫೋನ್ ಹಚ್ಚು.”

ಬೂತಿನಿಂದ ಆ ಗೆಳತಿಯ ಪಕ್ಕದ ಅಂಗಡಿಗೆ ಫೋನ್ ಮಾಡಿದೆವು. ಸಂಜೆಯ ರೈಲಿಗೇ ಮಗಳು ಹೊರಟುಹೋದಳು. ಎಲ್ಲಿಗೆ ಎಂದು ಖಾಲಾ ನನಗೆ ಹೇಳಲಿಲ್ಲ. ಎರಡು ದಿನದ ಮೇಲೆ ಗಂಡ ಇಬ್ಬರನ್ನು ಕಟ್ಟಿಕೊಂಡು ಹೊಳೆಆಲೂರಿಗೆ ಬಂದು, ಊರೆಲ್ಲ ವಿಚಾರಿಸಿ, ಬರಿಗೈಲಿ ಮರಳಿದನಂತೆ.

ಸ್ಟೇಷನ್ ಹತ್ರದ ಗೆಳತಿ ಮನೆಯ ಸುಳಿವು ಇನ್ನೂ ಸಿ.ಡಿ.ಯಲ್ಲಿತ್ತು. ಆಮೇಲೆ ರಜೆ ಹಾಕಿ ಶಾಲೆಯಿಂದ ಶಾಲೆಗೆ ಅಲೆದು ಸಿ.ಡಿ.ಗಳನ್ನು ವಾಪಸು ತಂದೆ. ಕಡೆಗೆ ನರಗುಂದದ ಶಾಲೆಯೊಂದರಲ್ಲಿ ಕಂಪ್ಯೂಟರ್ ಮಾಸ್ತರರು ಸಿ.ಡಿ.ಯನ್ನು ಕೈಗಿಟ್ಟು, “ಪಾಠ ಭಾಳ ಚಲೋ ಐತ್ರಿ. ಕೇಳಿದವರಿಗೆಲ್ಲ ಕಾಪಿ ಮಾಡಿ ಕೊಟ್ಟೀನಿ,” ಎಂದರು.

“ಯಾರ‍್ಯಾರಿಗೆ ಕೊಟ್ರಿ?”

“ಅದ್ಯಾರ ನೆನಪಿಡ್ತಾರ‍್ರಿ?”