ಊರು ತಪ್ಪಿದ ಎರಡು ಗಿಡ

ಒಣಗಿಸಿಟ್ಟ ಗಿಡದ ಹಾಳೆಯಿಂದ ಹಳೆಯ ಚೀಟಿಯನ್ನು ಕೀಳಬಾರದು. ಹೆಸರು ಬದಲಾದರೆ ಹೊಸ ಚೀಟಿಯನ್ನು ಅದರ ಪಕ್ಕಕ್ಕೆ ಅಂಟಿಸಬೇಕು. ನಮ್ಮ ಕಸುಬಿನಲ್ಲಿ ಮೊದಲ ವರ್ಷದ ಮಕ್ಕಳಿಗೂ ಗೊತ್ತಿರುವ ಮಾತಿದು. ಸಂಭಾಜಿನಗರದ ಆ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ಗೊತ್ತಿರಲಿಲ್ಲ, ಇಲ್ಲವೆ ಬೇಕಿರಲಿಲ್ಲ.

ಮದುವೆಗೆ ಮೊದಲು ನಾನು ಅಲ್ಲೇ ಸಂಶೋಧನೆ ಮಾಡುತ್ತಿದ್ದೆ. ಅಂಡಮಾನಿನ ಅಕ್ಕಪಕ್ಕದ ಎರಡು ದ್ವೀಪಗಳಿಂದ, ಸೊಳ್ಳೆಗಳಿಗೆ ರಕ್ತ ಕೊಟ್ಟು, ಅಪರೂಪದ ಎರಡು ಪೊದೆಗಿಡ ತಂದಿದ್ದೆ. ಆಗ ಎರಡನ್ನೂ ವರ್ಬಿನಾ ಕುಟುಂಬದ ಒಂದೇ ಪ್ರಭೇದ ಎಂದು ಬರೆದಿಟ್ಟೆವು. ಆಮೇಲೆ ವರ್ಗೀಕರಣ ಬದಲಾಗಿ, ತೇಗ, ಲಕ್ಕಿಗಳ ಜೊತೆ ಇವೂ ತುಳಸಿಯ ಕುಟುಂಬಕ್ಕೆ ಸೇರಿದವು. ಸೇರಲಿ. ಆದರೆ ಒಂದು ದ್ವೀಪದ್ದು ಬಿಳಿ ಹೂ, ಇನ್ನೊಂದರದ್ದು ನೀಲಿ. ಎರಡೂ ಬೇರೆ ಬೇರೆ ಪ್ರಭೇದ ಎಂಬ ಗುಮಾನಿ ನನ್ನನ್ನು ಬಿಟ್ಟಿರಲಿಲ್ಲ. ಒಣಗಿದ ಮೇಲೆ ಎರಡೂ ಒಂದೇ ಕಂದು. ಯಾವುದು ಯಾವ ದ್ವೀಪದ್ದು, ಹೂವಿನ ಬಣ್ಣ ಏನಿತ್ತು ಎಂದು ಹೇಳುತ್ತಿದ್ದುದು ಆ ಚೀಟಿ ಮಾತ್ರ.

ಹೋದ ವರ್ಷ ಮತ್ತೆ ಪರೀಕ್ಷಿಸೋಣವೆಂದು ನಾಸಿಕ್‌ನಿಂದ ಬಸ್ಸು ಹತ್ತಿದೆ. ಯೇವಲಾ ದಾಟುವವರೆಗೆ ನಿಂತೇ ಹೋದೆ. ಕಾಲೇಜಿನ ಕಪಾಟು ತೆಗೆದರೆ ಹಾಳೆಗಳ ಮೇಲೆ ಕಂಪ್ಯೂಟರಿನ ಹೊಸ ಚೀಟಿ, ಹೊಸ ಕುಟುಂಬದ ಹೆಸರು, ಊರಿನ ಜಾಗದಲ್ಲಿ 'ಅಂಡಮಾನ್' ಎಂಬ ಒಂದೇ ಪದ.

ಮುಖ್ಯಸ್ಥರು ಬೀದರ್ ಕಡೆಯವರು. "ಹಳೇ ಚೀಟಿ ಎಲ್ಲಾ ಹೊಲಸಾಗಿದ್ವು ರೀ ಮೇಡಮ್. ತಪಾಸಣೆ ಕಮಿಟಿ ಬರೋದಿತ್ತು, ಕೀಳ್ಸಿ ಒಗಸಿಬಿಟ್ಟೆ. ಈಗ ನೋಡ್ರಿ, ಏಕ್‌ದಮ್ ಛಾನ್ ಕಾಣ್ತಾವ."

"ನಿಮ್ಮ ಮನಿ ಬಾಗಿಲದ ಮ್ಯಾಲಿನ ವಿಳಾಸ ಹೊಲಸಾತಂತ ಅಳಿಸಿ, ಬರೇ 'ಭಾರತ' ಅಂತ ಬರಸ್ತೀರೇನ್ರಿ?" ಎಂದೆ. ನನ್ನ ದನಿಗೆ ಪಕ್ಕದ ಲ್ಯಾಬಿನವರು ಬಂದು ಇಣುಕಿದರು. ಮುಖ್ಯಸ್ಥರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

"ಸಿಟ್ಟಾಗಬ್ಯಾಡ್ರಿ. ತಂದಾವ್ರು ನೀವ, ನಿಮಗ ನೆನಪಿರತದ. ಬರದುಬಿಡ್ರಿ, ಯಾರು ಕೇಳ್ತಾರ?" ಎಂದು ಪೆನ್ನು ಚಾಚಿದರು.

ಎರಡೂ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಎಡಗಡೆಯದು ಬಿಳಿ ಹೂವಿನದು ಎನಿಸಿತು. ಸ್ವಲ್ಪ ಹೊತ್ತಿಗೆ ಅಲ್ಲ, ಬಲಗಡೆಯದು ಎನಿಸಿತು. ಎಲ್ಲ ವಿವರವೂ ನನ್ನ ಟಿಪ್ಪಣಿ ಪುಸ್ತಕದಲ್ಲಿತ್ತು. ಮದುವೆಯ ನಂತರ ಇದ್ದ ಓಝರ್‌ನ ಕ್ವಾರ್ಟರ್ಸ್ ಬಿಟ್ಟು ನಾಸಿಕ್‌ಗೆ ಮನೆ ಬದಲಾಯಿಸುವಾಗ, ಇನ್ನು ಇದು ಯಾಕೆ ಎಂದು ಅದನ್ನು ರದ್ದಿಗೆ ಹಾಕಿದವಳು ನಾನೇ. ಆ ಮನುಷ್ಯನ ಮೇಲೆ ಕೂಗಾಡುವಾಗಲೂ ನನಗೆ ಅದು ಗೊತ್ತಿತ್ತು.

ಪೆನ್ನು ಕಸಿದುಕೊಂಡು ಎರಡೂ ಹಾಳೆಗಳ ಮೇಲೆ 'ದ್ವೀಪ ಯಾವುದೆಂದು ತಿಳಿದಿಲ್ಲ' ಎಂದು ಬರೆದೆ. ಕೆಳಗೆ ನನ್ನ ಸಹಿ ಹಾಕಿದೆ.