ವ್ಯಾನ್ ಮಾವ
ನಮ್ಮನ್ನೂ ದೋಣಿಗಳನ್ನೂ ಮೇಲಿನ ಸೇತುವೆಯಲ್ಲಿ ಇಳಿಸಿ, ಕೆಳಗಿನ ಸೇತುವೆಯಲ್ಲಿ ಹತ್ತಿಸಿಕೊಳ್ಳುವುದು ವ್ಯಾನ್ ಮಾವನ ಕೆಲಸ. ನಡುವಿನ ತೊರೆ ನಮ್ಮದು. ಒಂದು ಕಾಲಕ್ಕೆ ಅವರೂ ಇದೇ ತೊರೆಯಲ್ಲಿ ಹುಟ್ಟು ಹಾಕಿದವರು; ಭುಜ ಮುರಿದ ಮೇಲೆ ಅವರಿಗೆ ಉಳಿದಿದ್ದು ರಸ್ತೆಯೊಂದೇ. ಅಲ್ಲೂ ತಿರುವು ಬಂದರೆ ಹುಟ್ಟು ಹಾಕುವವರಂತೆ ಮೈ ವಾಲಿಸುತ್ತಾರೆ, ಗುಂಡಿ ಕಂಡರೆ "ಬಂಡೆ ನೋಡ್ಬೇಡಿ, ನೀರು ಹೋಗೋ ದಾರಿ ನೋಡಿ" ಎಂದು ಕೂಗುತ್ತಾರೆ. ಹಿಂದೆ ಕೂತ ನಮಗೆ ಜೀವ ಬಾಯಿಗೆ ಬರುತ್ತದೆ. ಇಳಿಯುವಾಗ ಪ್ರತಿಸಲವೂ ಅದೇ ಮಾತು: "ಮೂರನೇ ತಿರುವಲ್ಲಿ ಮರ ಅಡ್ಡ ಬಿದ್ದಿದೆ, ನೀರು ಅದರಡಿಗೆ ಎಳ್ಕೊಳ್ಳುತ್ತೆ. ದಡ ಹತ್ತಿ, ದೋಣಿ ಹೊತ್ಕೊಂಡು ನಡೀರಿ." ಸಂಜೆ ಒದ್ದೆ ದೋಣಿಯನ್ನು ಬೇಕೆಂದೇ ಎದೆಗೊತ್ತಿ ಹಿಡಿದು, ನೆಂಟರ ಕ್ಷೇಮ ವಿಚಾರಿಸುವ ಹಾಗೆ, "ಮರ ಹೇಗಿದೆ?" ಎನ್ನುತ್ತಾರೆ. ಅವರ ಭುಜ ಮುರಿದ ಆ ಮರ ಕೊಚ್ಚಿಹೋಗಿ ಮೂರು ಮಳೆಗಾಲವಾಯಿತು. "ಇದೆ ಮಾವ, ಹೊತ್ಕೊಂಡೇ ನಡೆದ್ವಿ" ಎನ್ನುತ್ತೇವೆ. "ಹಾಗಾದ್ರೆ ಏನೂ ಬದಲಾಗಿಲ್ಲ ಬಿಡಿ" ಎಂದು ಮಾವ ಒದ್ದೆ ಅಂಗಿಯಲ್ಲೇ ವ್ಯಾನ್ ಹತ್ತುತ್ತಾರೆ.